ನಕ್ಷೆಯ ಅಂಚಿನಲ್ಲಿ ದೇವರಕಾಡಿಗೊಂದು ಗುರುತು

ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನವನ್ನು ಎದುರು ಗುಡ್ಡದಿಂದ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ನಡುವಿನ ಗುಮ್ಮಟ, ಅದರ ನಾಲ್ಕು ಮೂಲೆಗಳಲ್ಲಿ ಮಿನಾರುಗಳಂಥ ಗೋಪುರಗಳು. ಕೊಡಗಿನ ಅರಸ ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ ಶಿವಾಲಯ ಇದು. ಊರಿನ ಇನ್ನೊಂದು ಕಡೆ ಗದ್ದಿಗೆಯಲ್ಲಿ ಹಾಲೇರಿ ಅರಸರ ಸಮಾಧಿಗಳ ಮೇಲೂ ಅಂಥವೇ ಗುಮ್ಮಟಗಳಿವೆ. ಭಾರತೀಯ ಸರ್ವೇಕ್ಷಣಾ ಇಲಾಖೆಯ ನಕ್ಷೆಗಳಲ್ಲಿ ದೇವಸ್ಥಾನ, ಮಸೀದಿ, ಚರ್ಚು, ಸಮಾಧಿ ಎಲ್ಲಕ್ಕೂ ಬೇರೆ ಬೇರೆ ಚಿಹ್ನೆಗಳಿವೆ. ಕಟ್ಟಡದ ಹೊರರೂಪ ನೋಡಿ ಚಿಹ್ನೆ ಹಾಕುತ್ತ ಹೋದರೆ ಮಡಿಕೇರಿಯ ಈ ಎರಡೂ ಜಾಗಗಳು ತಪ್ಪಾಗಿ ದಾಖಲಾಗುತ್ತವೆ. ಸರಿಯಾಗಬೇಕಾದರೆ ಸರ್ವೆಗೆ ಬಂದವರು ದುರ್ಬೀನು ಕೆಳಗಿಟ್ಟು ಊರವರನ್ನು ಕೇಳಬೇಕು: ಒಳಗಿರುವ ದೇವರು ಯಾರು, ಇಲ್ಲಿ ಏನು ನಡೆಯುತ್ತದೆ, ಇದು ಯಾರದು? ನಕ್ಷೆಯ ಮೇಲಿನ ಪ್ರತಿಯೊಂದು ಚಿಹ್ನೆಯ ಹಿಂದೆಯೂ ಹೀಗೊಂದು ಪ್ರಶ್ನೆ, ಒಂದು ಉತ್ತರ ಇರುತ್ತದೆ. ಯಾರನ್ನು ಕೇಳಿದರು, ಯಾರ ಉಪಯೋಗಕ್ಕಾಗಿ ಕೇಳಿದರು, ಎಲ್ಲಿಗೆ ಬಂದು ಕೇಳುವುದನ್ನು ನಿಲ್ಲಿಸಿದರು ಎನ್ನುವುದೇ ಚಿಹ್ನೆಗಳ ಚರಿತ್ರೆ. ಕೊಡಗಿನಲ್ಲಿ ಆ ಕೇಳುವಿಕೆ ದೇವರಕಾಡಿನ ಅಂಚಿಗೆ ಬಂದು ನಿಂತಿತು. ಬಿಟ್ಟುಹೋದ ಪ್ರಶ್ನೆಗಳನ್ನು ಈಗ ಕೇಳಿ, ಉತ್ತರಗಳನ್ನು ನಕ್ಷೆಗೆ ಇಳಿಸುವ ಅಧಿಕಾರವೂ ಅಗತ್ಯವೂ ಜಿಲ್ಲೆಗೆ ಇವೆ ಎಂಬುದು ಈ ಲೇಖನದ ವಾದ.

ಹಳೆಯ ಕ್ರಮದ ಪ್ರಕಾರ ಮಡಿಕೇರಿ ಇರುವ ಟೋಪೊ ಶೀಟಿನ ಸಂಖ್ಯೆ 48 ಪಿ/11. ಉತ್ತರ ಅಕ್ಷಾಂಶ 12 ಡಿಗ್ರಿ 15 ಮಿನಿಟಿನಿಂದ 12 ಡಿಗ್ರಿ 30 ಮಿನಿಟಿನವರೆಗೆ, ಪೂರ್ವ ರೇಖಾಂಶ 75 ಡಿಗ್ರಿ 30 ಮಿನಿಟಿನಿಂದ 45 ಮಿನಿಟಿನವರೆಗಿನ ನೆಲ ಅದರಲ್ಲಿದೆ. ಪಟ್ಟಣ ಹಾಳೆಯ ಪೂರ್ವದ ಅಂಚಿಗೆ ಅಂಟಿಕೊಂಡಿದ್ದರೆ ಭಾಗಮಂಡಲ ಪಶ್ಚಿಮದ ಅಂಚಿನಲ್ಲಿದೆ. ಅಳತೆ 1:50,000, ನೆಲದ ಮೇಲಿನ 500 ಮೀಟರು ಕಾಗದದ ಮೇಲೆ 1 ಸೆಂಟಿಮೀಟರು. ಇಂಥ ಹಾಳೆಯ ಅಂಚಿನಲ್ಲಿ ಅಚ್ಚಾಗುವ ಚಿಹ್ನೆಗಳ ಪಟ್ಟಿಯನ್ನು ಶಾಲೆಯ ಭೂಗೋಳ ಪಾಠದಲ್ಲಿ ಬಹಳಷ್ಟು ಜನ ಬಾಯಿಪಾಠ ಮಾಡಿರುತ್ತಾರೆ. ಅದನ್ನು ಚರಿತ್ರೆಯ ದಾಖಲೆಯೆಂದು ಓದುವವರು ಕಡಿಮೆ. ಡಾಕ್ ಬಂಗಲೆ, ಇನ್‌ಸ್ಪೆಕ್ಷನ್ ಬಂಗಲೆ, ಸರ್ಕಿಟ್ ಹೌಸ್, ರೆಸ್ಟ್ ಹೌಸ್, ಡೇರೆ ಹಾಕುವ ಬಯಲು, ಅಂಚೆ ಕಚೇರಿ, ತಂತಿ ಕಚೇರಿ, ಪೊಲೀಸ್ ಠಾಣೆ, ಮೈಲಿಗಲ್ಲು, ಗಾಡಿದಾರಿ, ಹೇರುದಾರಿ, ಹೊಳೆ ದಾಟುವ ಕಡವು: ಇವೆಲ್ಲಕ್ಕೂ ಚಿಹ್ನೆಗಳೋ ಅಕ್ಷರಗಳೋ ಇವೆ. ಕುದುರೆಯ ಮೇಲೆ ಸವಾರಿ ಹೊರಟ ಅಧಿಕಾರಿ, ಸಾಮಾನು ಹೊರಿಸಿಕೊಂಡು ಸಾಗುವ ದಂಡು ಸಂಜೆಯೊಳಗೆ ಎಲ್ಲಿ ತಂಗಬಹುದು, ಯಾವ ಹೊಳೆಯನ್ನು ಎಲ್ಲಿ ದಾಟಬಹುದು, ಮೇಲಿನವರಿಗೆ ಸುದ್ದಿ ಎಲ್ಲಿಂದ ಕಳಿಸಬಹುದು ಎಂಬುದಕ್ಕೆ ಈ ಪಟ್ಟಿ ಉತ್ತರ ಕೊಡುತ್ತದೆ. ಸರ್ವೆಯ ಅಳತೆಗೆ ಗುರುತಾಗಿ ಬಳಸಿದ ಒಂಟಿ ಮರಕ್ಕೂ ಅದರಲ್ಲಿ ಒಂದು ಚಿಹ್ನೆಯಿದೆ. ಊರು ತನ್ನ ದೇವರಿಗೆಂದು ಬಿಟ್ಟ ಕಾಡಿಗೆ ಇಲ್ಲ.

ಚಿಹ್ನೆಗಳು ಎಲ್ಲಿಂದ ಬಂದವು

ಇದರಲ್ಲಿ ಯಾರದೋ ದುರುದ್ದೇಶ ಹುಡುಕಬೇಕಿಲ್ಲ. ಪ್ರತಿಯೊಂದು ಚಿಹ್ನೆಯೂ ಯಾರದೋ ಒಂದು ನಿರ್ದಿಷ್ಟ ಅಗತ್ಯದಿಂದ ಹುಟ್ಟಿ, ಆಮೇಲೆ ಎಲ್ಲರ ರೂಢಿಯಾದದ್ದು. ಉತ್ತರವನ್ನು ಮೇಲಕ್ಕೆ ಬರೆಯುವ ಪದ್ಧತಿಯನ್ನೇ ನೋಡಿ. ಅದು ಪ್ರಕೃತಿಯ ನಿಯಮವಲ್ಲ. ಅಲ್ ಇದ್ರಿಸಿ 1154ರಲ್ಲಿ ಸಿಸಿಲಿಯ ದೊರೆಗಾಗಿ ಮಾಡಿದ ಜಗತ್ತಿನ ನಕ್ಷೆಯಲ್ಲಿ ದಕ್ಷಿಣ ಮೇಲಿತ್ತು. ಮಧ್ಯಯುಗದ ಯುರೋಪಿನ ಕ್ರೈಸ್ತ ನಕ್ಷೆಗಳಲ್ಲಿ ಪೂರ್ವ ಮೇಲಿತ್ತು. ದಿಕ್ಸೂಚಿ ಹಿಡಿದ ನಾವಿಕರ ನಕ್ಷೆಗಳು ಹರಡಿದ ಮೇಲೆ, ಟಾಲೆಮಿಯ ಭೂಗೋಳ ಗ್ರಂಥ ಯುರೋಪಿನಲ್ಲಿ ಮತ್ತೆ ಪ್ರಚಾರಕ್ಕೆ ಬಂದ ಮೇಲೆ ಉತ್ತರ ಮೇಲೇರಿತು. ದಳದಳವಾಗಿ ಬಿಡಿಸಿದ ದಿಕ್ಸೂಚಿ ಚಕ್ರ ಮೊದಲು ಕಾಣಿಸಿಕೊಂಡದ್ದು 1375ರ ಕ್ಯಾಟಲನ್ ಅಟ್ಲಾಸಿನಲ್ಲಿ. ಸಮಾನ ಎತ್ತರದ ಜಾಗಗಳನ್ನು ಕೂಡಿಸುವ ಸಮೋನ್ನತ ರೇಖೆಯ ಮೂಲವಂತೂ ಬೆಟ್ಟದಲ್ಲೇ ಇಲ್ಲ, ನೀರಿನಲ್ಲಿದೆ. ದೋಣಿಯ ತಳ ನೆಲಕ್ಕೆ ತಾಗದಿರಲೆಂದು ಹಾಲೆಂಡಿನ ಪೀಟರ್ ಬ್ರೂಯಿನ್ಸ್ 1584ರಲ್ಲಿ ಸ್ಪಾರ್ನೆ ನದಿಯಲ್ಲಿ ಒಂದೇ ಆಳದ ಜಾಗಗಳನ್ನು ಗೆರೆ ಎಳೆದು ಕೂಡಿಸಿದ. ಅದೇ ಉಪಾಯವನ್ನು 1774ರ ಪ್ರಯೋಗದ ಲೆಕ್ಕಕ್ಕಾಗಿ ಚಾರ್ಲ್ಸ್ ಹಟನ್ ಸ್ಕಾಟ್ಲೆಂಡಿನ ಷಿಹ್ಯಾಲಿಯನ್ ಬೆಟ್ಟಕ್ಕೆ ಹಚ್ಚಿದ. ಬೆಟ್ಟದ ಗಾತ್ರ ತಿಳಿದರೆ ಭೂಮಿಯ ಸಾಂದ್ರತೆಯನ್ನು ಲೆಕ್ಕಹಾಕಬಹುದು ಎಂಬುದು ಆ ಪ್ರಯೋಗದ ಗುರಿಯಾಗಿತ್ತು. ಹೀಗೆ ನಾವಿಕರ ಭಯ, ವಿಜ್ಞಾನಿಗಳ ಕುತೂಹಲ, ಸೈನ್ಯದ ಲೆಕ್ಕಾಚಾರ, ಕಂದಾಯದವರ ಅಳತೆ ಒಂದರ ಮೇಲೊಂದು ಕೂಡಿಕೊಂಡು ಇಂದಿನ ಚಿಹ್ನೆಪಟ್ಟಿ ಆಗಿದೆ.

ಈ ಪರಂಪರೆ ಕೊಡಗಿನ ಬೆಟ್ಟ ಹತ್ತಿದ್ದು ಟಿಪ್ಪುವಿನ ಪತನದ ನಂತರ. 1799ರ ಯುದ್ಧ ಮುಗಿದ ಮೇಲೆ ಕರ್ನಲ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆ ಕೈಗೆತ್ತಿಕೊಂಡರೆ, ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಒಂದು ಆಧಾರರೇಖೆಯನ್ನು ಅಳೆದು, 1802ರ ಏಪ್ರಿಲಿನಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟಿನ ಬುಡದಿಂದ ತನ್ನ ದೊಡ್ಡ ಕೆಲಸ ಶುರುಮಾಡಿದ. ಒಂದು ರೇಖೆಯ ಉದ್ದ ಗೊತ್ತಿದ್ದು, ಅದರ ಎರಡು ತುದಿಗಳಿಂದ ದೂರದ ಶಿಖರಕ್ಕೆ ಇರುವ ಕೋನಗಳು ತಿಳಿದರೆ ಉಳಿದೆರಡು ಬಾಹುಗಳು ಲೆಕ್ಕಕ್ಕೆ ಸಿಗುತ್ತವೆ. ಹೀಗೆ ತ್ರಿಕೋನದ ಪಕ್ಕ ತ್ರಿಕೋನ ಜೋಡಿಸುತ್ತ ಅವನ ತಂಡ ಪೂರ್ವ ಕರಾವಳಿಯಿಂದ ಮಂಗಳೂರಿನ ಕಡಲಂಚಿನವರೆಗೆ ಬಂತು. ಆ ಸರಣಿಯಲ್ಲಿ ಕೊಡಗಿನ 1,748 ಮೀಟರು ಎತ್ತರದ ತಡಿಯಂಡಮೋಳ್ ಒಂದು ಮುಖ್ಯ ಶಿಖರ. ನಡುವೆ ಚುಕ್ಕೆಯಿಟ್ಟ ಪುಟ್ಟ ತ್ರಿಕೋನ ಇವತ್ತಿಗೂ ನಕ್ಷೆಯಲ್ಲಿ ತ್ರಿಕೋನಮಾಪನ ಠಾಣೆಯ ಗುರುತು. ಕೆಲಸದ ವಿಧಾನವೇ ಅಲ್ಲಿ ಚಿಹ್ನೆಯಾಗಿ ಉಳಿದಿದೆ. ಆ ಗುರುತು ಹೇಳುವುದು ಬೆಟ್ಟದ ಎತ್ತರ ಮತ್ತು ಅಲ್ಲಿಂದ ಕಾಣುವ ದೂರಗಳ ಸಂಗತಿ; ಆ ಬೆಟ್ಟದ ಜತೆ ಸುತ್ತಲ ನಾಡಿನವರಿಗಿರುವ ನಂಟು ಅದರಲ್ಲಿಲ್ಲ. ಲ್ಯಾಂಬ್ಟನ್ನನಿಗೆ ಬೇಕಾದದ್ದು ಭೂಮಿಯ ವಕ್ರತೆಯ ಅಳತೆ. ಅದನ್ನವನು ಅದ್ಭುತವಾಗಿ ಪಡೆದ. ಬೇರೆ ಪ್ರಶ್ನೆಗಳನ್ನು ಕೇಳುವುದು ಅವನ ಕೆಲಸವಾಗಿರಲಿಲ್ಲ.

ಆ ಬೇರೆ ಪ್ರಶ್ನೆಗಳನ್ನು ಕೇಳಿದವರೂ ಇದ್ದರು ಎನ್ನುವುದು ಗಮನಿಸಬೇಕಾದ ಸಂಗತಿ. ಲಿಂಗರಾಜೇಂದ್ರ ಆಳುತ್ತಿದ್ದಾಗಲೇ, 1815ರಿಂದ 1817ರವರೆಗೆ, ಮದ್ರಾಸ್ ಸೈನ್ಯದ ಲೆಫ್ಟಿನೆಂಟ್ ಕಾನರ್ ಕೊಡಗಿನ ಸರ್ವೆ ಮಾಡಿದ. ಮುಂದೆ ವಾರ್ಡ್ ಎಂಬ ಇನ್ನೊಬ್ಬ ಸರ್ವೆ ಅಧಿಕಾರಿಯ ಜತೆಗೂಡಿ ತಿರುವಾಂಕೂರು, ಕೊಚ್ಚಿ ಸೀಮೆಗಳ ಸರ್ವೆ ಮಾಡಿದವನೂ ಇವನೇ. ಅವನು ನಕ್ಷೆಯೊಂದನ್ನಷ್ಟೇ ಒಪ್ಪಿಸಿ ಕೈತೊಳೆದುಕೊಳ್ಳಲಿಲ್ಲ. ನಾಡುಗಳ ವಿಭಾಗ, ಜನ, ಬೆಳೆ, ನದಿ, ದಾರಿ, ಆಚಾರಗಳನ್ನು ವಿವರಿಸುವ ಒಂದು ಬರಹವನ್ನೂ ಜತೆಗೆ ಕೊಟ್ಟ. ಅದು 1870ರಲ್ಲಿ ಬೆಂಗಳೂರಿನಲ್ಲಿ ಅಚ್ಚಾಯಿತು. ನಕ್ಷೆಯ ಜತೆ ಬರಹ ಇರಲೇಬೇಕೆಂಬ ಈ ಕ್ರಮ ಮೆಕೆಂಜಿಯದು. ಊರೂರಿನ ಕೈಫಿಯತ್ತುಗಳನ್ನು ಸಂಗ್ರಹಿಸಿದ ಅವನ ತಂಡದ ಶ್ರಮದಿಂದಲೇ ಕನ್ನಡನಾಡಿನ ನೂರಾರು ಊರುಗಳ ಸ್ಥಳಚರಿತ್ರೆ ಇಂದು ನಮ್ಮ ಕೈಗೆ ಸಿಕ್ಕಿದೆ. ಚಿಹ್ನೆಯೊಳಗೆ ಹಿಡಿಸದೆ ಉಳಿದದ್ದು ಬರಹಕ್ಕೆ ಹೋಗುತ್ತಿತ್ತು. ಕಾಲ ಕಳೆದಂತೆ ಈ ಜೋಡಿ ಬೇರೆಯಾಯಿತು. ನಕ್ಷೆ ಮತ್ತೆ ಮತ್ತೆ ಪರಿಷ್ಕೃತವಾಗಿ ಅಚ್ಚಾಗುತ್ತ ಕಚೇರಿ, ಸೈನ್ಯ, ಶಾಲೆಗಳಿಗೆ ಹೋಯಿತು. ಬರಹ ಗ್ರಂಥಾಲಯದ ಕಪಾಟಿಗೆ ಸೇರಿತು. ಬರಹ ಜತೆಗಿಲ್ಲದ ನಕ್ಷೆಯನ್ನೇ ನೋಡುತ್ತ ಬೆಳೆದ ನಮಗೆ, ಅದರಲ್ಲಿ ಇಲ್ಲದ್ದು ನೆಲದ ಮೇಲೂ ಇಲ್ಲ ಎಂಬ ಭಾವನೆ ಸಹಜವೆಂಬಂತೆ ಬಂದುಬಿಟ್ಟಿದೆ.

ಚಿಹ್ನೆ ಎಷ್ಟರಮಟ್ಟಿಗೆ ಮನುಷ್ಯರ ತೀರ್ಮಾನ ಎಂಬುದಕ್ಕೆ ಕೊಡಗಿನ ಗಡಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿದ ಬ್ರಿಟಿಷರು ಅಮರಸುಳ್ಯದಂಥ ಘಟ್ಟದ ಕೆಳಗಿನ ಭಾಗಗಳನ್ನು ದಕ್ಷಿಣ ಕನ್ನಡಕ್ಕೆ ಸೇರಿಸಿದರು. ಗಡಿಗೆರೆ ಬೆಟ್ಟದ ನೆತ್ತಿಗೆ ಸರಿಯಿತು. ಉಳಿದ ಕೊಡಗು ಚೀಫ್ ಕಮಿಷನರ್ ಆಳುವ ಪ್ರಾಂತ್ಯವಾಯಿತು, ಗಣರಾಜ್ಯದಲ್ಲಿ ‘ಸಿ’ ದರ್ಜೆಯ ರಾಜ್ಯವಾಯಿತು, 1956ರ ನವೆಂಬರ್ 1ರಂದು ಮೈಸೂರು ರಾಜ್ಯದ ಒಂದು ಜಿಲ್ಲೆಯಾಯಿತು. ಅಕ್ಟೋಬರ್ 31ಕ್ಕೂ ನವೆಂಬರ್ 1ಕ್ಕೂ ನಡುವೆ ಸಂಪಾಜೆಯ ಹೊಳೆ ಕದಲಲಿಲ್ಲ, ಪುಷ್ಪಗಿರಿಯ ಶಿಖರ ಅಲುಗಲಿಲ್ಲ. ಆದರೂ ರಾಜ್ಯದ ಗಡಿಯೆಂದು ಬರೆಯುತ್ತಿದ್ದ ಗೆರೆ-ಚುಕ್ಕೆಗಳ ಜೋಡಣೆಯನ್ನು ತೆಗೆದು ಜಿಲ್ಲೆಯ ಗಡಿಯ ಜೋಡಣೆ ಹಾಕಬೇಕಾಯಿತು. ನಕ್ಷೆಯ ಮೇಲಿನ ಗೆರೆಗಳಲ್ಲಿ ಕೆಲವು ನೆಲವನ್ನು ತೋರಿಸುತ್ತವೆ, ಕೆಲವು ಕಾನೂನನ್ನು ತೋರಿಸುತ್ತವೆ. ಕಣ್ಣಿಗೆ ಕಾಣದ ಒಂದು ಒಪ್ಪಂದಕ್ಕೆ ಚಿಹ್ನೆ ಕೊಡಲು ನಕ್ಷೆಗೆ ಯಾವತ್ತೂ ತೊಂದರೆಯಾಗಿಲ್ಲ. ಆ ಒಪ್ಪಂದ ಸರ್ಕಾರದ್ದಾಗಿದ್ದರೆ ಸಾಕು.

ಹಸಿರಿನೊಳಗೆ ಕರಗಿದ್ದು

ಇದೇ ಮಾತನ್ನು ದೇವರಕಾಡಿನ ಮುಂದಿಟ್ಟು ನೋಡೋಣ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ, ಎಲ್ಲ ಸೇರಿದರೆ ಸುಮಾರು 2,500 ಹೆಕ್ಟೇರು. ಅಯ್ಯಪ್ಪ, ಭಗವತಿ, ಮಹಾದೇವ, ನಾಗ ಹೀಗೆ ಒಂದೊಂದರಲ್ಲಿ ಒಬ್ಬೊಬ್ಬ ದೇವರು. ಅಯ್ಯಪ್ಪನ ಕಾಡುಗಳಲ್ಲಿ ಹರಕೆಗೆ ಒಪ್ಪಿಸಿದ ಮಣ್ಣಿನ ನಾಯಿಗಳ ಸಾಲು. ಅಲ್ಲಿ ಮರ ಕಡಿಯಬಾರದು, ಬೇಟೆಯಾಡಬಾರದು, ಹಬ್ಬದ ದಿನ ಇಂಥ ಕಟ್ಟುಪಾಡು ಎಂದು ಊರೇ ವಿಧಿಸಿಕೊಂಡ ನಿಯಮಗಳಿವೆ. ಒಂದು ಗಡಿಯಿದೆ, ನೋಡಿಕೊಳ್ಳುವ ತಕ್ಕರಿದ್ದಾರೆ, ಸರ್ಕಾರದ ದಾಖಲೆಯಲ್ಲೂ ಹೆಸರಿದೆ. ಟೋಪೊ ಶೀಟಿನ ಬಣ್ಣದಲ್ಲಿ ಮಾತ್ರ ಅದು ಸುತ್ತಲಿನ ಮರಗಳಂತೆಯೇ ಹಸಿರು. ಕಾಯ್ದಿಟ್ಟ ಅರಣ್ಯಕ್ಕೆ, ಸಂರಕ್ಷಿತ ಅರಣ್ಯಕ್ಕೆ ಅಕ್ಷರಗಳ ಗುರುತುಂಟು, ಅರಣ್ಯದ ಗಡಿಗೆ ಬೇರೆ ಗೆರೆಯುಂಟು, ಗಡಿಕಂಬಗಳಿಗೆ ಚಿಹ್ನೆಯುಂಟು. ದೇವರಕಾಡನ್ನು ಬರೇ ಕಣ್ಣಿಂದ ನೋಡಿದರೆ ಮರಗಳಷ್ಟೇ ಕಾಣುತ್ತವೆ. ಕೇಳಿದರೆ ಮಾತ್ರ ದೇವರ ಹೆಸರು, ಊರಿನ ಹೆಸರು, ಗಡಿಯ ಕಲ್ಲು ತಿಳಿಯುತ್ತದೆ. ಗುಮ್ಮಟದ ಕೆಳಗಿನ ಶಿವನನ್ನು ದೇವಸ್ಥಾನದ ಚಿಹ್ನೆಯಡಿ ತರಬಲ್ಲ ಪದ್ಧತಿ ಗುಡಿಯಿಲ್ಲದ ದೇವರ ಮುಂದೆ ಸುಮ್ಮನಾಯಿತು, ಏಕೆಂದರೆ ಅದರ ಚಿಹ್ನೆಪಟ್ಟಿ ಕಟ್ಟಡಕ್ಕೆ ಪೂಜಾಸ್ಥಳದ ಪದವಿ ಕೊಟ್ಟಿತೇ ಹೊರತು ನೆಲಕ್ಕೆ ಕೊಡಲಿಲ್ಲ.

ಇದರ ಪರಿಣಾಮ ಕಾಗದಕ್ಕೆ ಸೀಮಿತವಲ್ಲ. ದೇವರಕಾಡುಗಳನ್ನು ಕಂದಾಯ ಇಲಾಖೆಗೆ ವಹಿಸಿದ 1905ರಲ್ಲಿ ಅವುಗಳ ವಿಸ್ತೀರ್ಣ ಸುಮಾರು 4,400 ಹೆಕ್ಟೇರು. ಮತ್ತೆ ಅರಣ್ಯ ಇಲಾಖೆಯ ಕೈಗೆ ಬಂದ 1985ರ ಹೊತ್ತಿಗೆ ಉಳಿದಿದ್ದದ್ದು ಸುಮಾರು 2,500. ಎಂಬತ್ತು ವರ್ಷದಲ್ಲಿ ಐದರಲ್ಲಿ ಎರಡು ಪಾಲಿಗಿಂತ ಹೆಚ್ಚು ಹೋಯಿತು. ಹೋಗಿದ್ದು ಚಿಹ್ನೆ ಇಲ್ಲದ್ದರಿಂದಲೇ ಎಂದರೆ ಅತಿಶಯ. ಕಾಫಿಯ ಬೆಲೆ, ಜಮೀನಿನ ಹಸಿವು, ಒತ್ತುವರಿಗೆ ಕಣ್ಣುಮುಚ್ಚಿಕೊಂಡ ಆಡಳಿತ ಇವು ನಿಜವಾದ ಕಾರಣಗಳು. ಆದರೆ ಕಳೆದುಕೊಂಡದ್ದು ಎಲ್ಲಿತ್ತು ಎಂದು ಎಲ್ಲರೂ ನೋಡುವ ನಕ್ಷೆಯಲ್ಲಿ ಬೆರಳಿಟ್ಟು ತೋರಿಸಲಾಗದ ಸ್ಥಿತಿ ಒತ್ತುವರಿಗೆ ಅನುಕೂಲವಾಯಿತು. ಕೊಡಗಿನಲ್ಲಿ ಹಸಿರು ಎಂಬ ಒಂದೇ ಬಣ್ಣ ಹಲವು ಸಂಗತಿಗಳನ್ನು ಒಟ್ಟಿಗೆ ಮುಚ್ಚುತ್ತದೆ. ಗದ್ದೆಗೆ ಸೊಪ್ಪು, ಒಲೆಗೆ ಸೌದೆ, ದನಕ್ಕೆ ಮೇವು ಕೊಡಲೆಂದು ವಂಶಪಾರಂಪರ್ಯದ ಜಮ್ಮಾ ಗದ್ದೆಗೆ ಹೊಂದಿಸಿಕೊಟ್ಟ ಬಾಣೆ, ನೆರಳುಮರಗಳ ಕೆಳಗಿನ ಕಾಫಿ ತೋಟ, ಸರ್ಕಾರಿ ಪೈಸಾರಿ, ಕಾಯ್ದಿಟ್ಟ ಅರಣ್ಯ, ದೇವರಕಾಡು ಇವೆಲ್ಲ ಮೇಲಿಂದ ನೋಡುವ ಕಣ್ಣಿಗೆ ಮರವೇ. ಭಾರತೀಯ ಅರಣ್ಯ ಸರ್ವೇಕ್ಷಣೆಯ ಲೆಕ್ಕದಲ್ಲಿ ಕನಿಷ್ಠ 1 ಹೆಕ್ಟೇರು ವಿಸ್ತಾರವಿದ್ದು, ಶೇಕಡ 10ರಷ್ಟು ಮರದ ನೆರಳಿದ್ದರೆ ಒಡೆತನ ಯಾರದಾದರೂ ಅದು ಅರಣ್ಯ ಹೊದಿಕೆ. ಹಾಗಾಗಿ ಜಿಲ್ಲೆಯ ಮುಕ್ಕಾಲು ಭಾಗಕ್ಕಿಂತ ಹೆಚ್ಚು ನೆಲ ಅರಣ್ಯ ಹೊದಿಕೆಯೆಂದು ವರದಿಯಾಗುತ್ತದೆ. ತೋಟ ಹೆಚ್ಚಿ ದೇವರಕಾಡು ಕರಗಿದರೂ ಆ ಹಸಿರು ಬಹುಮಟ್ಟಿಗೆ ಹಾಗೇ ಉಳಿಯುತ್ತದೆ.

ದೇವರಕಾಡಿನ ಜತೆ ಇನ್ನೂ ಕೆಲವು ಸಂಗತಿಗಳು ಪಟ್ಟಿಯಾಚೆ ಉಳಿದಿವೆ. ಕೊಡಗಿನ ಬೆಟ್ಟಗಳ ಪಕ್ಕೆಯಲ್ಲಿ, ಕಾಡಿನ ನಡುವೆ ದೂರದೂರಕ್ಕೆ ಹಬ್ಬಿರುವ ಕಡಂಗಗಳು ಹಳೆಯ ಕಾಲದ ರಕ್ಷಣಾ ಕಂದಕಗಳು. ಪಾದ್ರಿ ರಿಕ್ಟರ್ 1870ರಲ್ಲಿ ಪ್ರಕಟಿಸಿದ ಕೊಡಗಿನ ಕೈಪಿಡಿಯೂ ನಂತರದ ಗೆಜೆಟಿಯರುಗಳೂ ಅವನ್ನು ವರ್ಣಿಸಿವೆ. ನಕ್ಷೆಯಲ್ಲಿ ಏರಿಗೆ ಚಿಹ್ನೆಯಿದೆ, ಕೊರಕಲು ನೆಲಕ್ಕೆ ಚಿಹ್ನೆಯಿದೆ, ಪುರಾತನ ಅವಶೇಷಕ್ಕೆ ಒಂದು ಬಿಂದುವಿನ ಚಿಹ್ನೆಯಿದೆ. ಮೈಲಿಗಟ್ಟಲೆ ಹರಿಯುವ ಪುರಾತನ ಕಂದಕಕ್ಕೆ ಗೆರೆಯಿಲ್ಲ. ಒಕ್ಕದ, ಎಂದರೆ ಮನೆತನದ, ಮೂಲಮನೆಯಾದ ಐನ್‌ಮನೆ, ಹಿರಿಯರನ್ನು ನೆನೆಯುವ ಕೈಮಡ, ಹಬ್ಬದ ಕುಣಿತ ನಡೆಯುವ ಮಂದ್ ಇವೂ ಮನೆ, ಗುಡಿಸಲು, ಬಯಲು ಎಂಬ ಸಾಮಾನ್ಯ ಗುರುತುಗಳೊಳಗೆ ಸೇರಿಹೋಗಿವೆ. ಹನ್ನೆರಡು ಕೊಂಬು ಮೂವತ್ತೈದು ನಾಡು ಎಂದು ತನ್ನ ನೆಲವನ್ನು ಲೆಕ್ಕ ಹಾಕಿಕೊಂಡಿದ್ದ ಸಮಾಜ ಯಾವ ಜಾಗಗಳ ಸುತ್ತ ಸೇರುತ್ತಿತ್ತು ಎಂಬುದನ್ನು ಟೋಪೊ ಶೀಟಿನಿಂದ ತಿಳಿಯಲಾಗದು.

ಬೆಟ್ಟ ಕುಸಿದ ಮೇಲೆ

ಇದು ಬರೀ ಸಂಸ್ಕೃತಿಯ ಪ್ರಶ್ನೆಯಾಗಿದ್ದರೆ ತುರ್ತೇನೂ ಇರುತ್ತಿರಲಿಲ್ಲ. 2018ರ ಆಗಸ್ಟ್ ನಡುವಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ, ಎರಡನೇ ಮೊಣ್ಣಂಗೇರಿಯ ಬೆಟ್ಟಗಳು ಮನೆ, ತೋಟ, ರಸ್ತೆಗಳ ಸಮೇತ ಜಾರಿದವು. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬೆಟ್ಟ ಕುಸಿಯಿತು. ಆ ದಿನಗಳಲ್ಲಿ ಸುರಿದ ಮಳೆ ಅಸಾಧಾರಣವಾಗಿತ್ತು ನಿಜ. ಆದರೆ ಮನೆ ಮತ್ತು ರಸ್ತೆಗಳಿಗಾಗಿ ಇಳಿಜಾರನ್ನು ನೆಟ್ಟಗೆ ಕಡಿದದ್ದೂ ಕಾರಣಗಳಲ್ಲಿ ಒಂದು ಎಂದು ಭೂವಿಜ್ಞಾನಿಗಳು ಗುರುತಿಸಿದರು. ಇಲ್ಲಿ ಸಮೋನ್ನತ ರೇಖೆಯ ಮಿತಿ ಎದ್ದು ಕಾಣುತ್ತದೆ. 1:50,000ರ ಹಾಳೆಯಲ್ಲಿ ಎರಡು ರೇಖೆಗಳ ನಡುವಿನ ಎತ್ತರದ ಅಂತರ 20 ಮೀಟರು. ರೇಖೆಗಳು ಒತ್ತೊತ್ತಾಗಿದ್ದರೆ ಕಡಿದಾದ ಬೆಟ್ಟ ಎಂದು ತಿಳಿಯುತ್ತದೆ. ಮನೆಯ ಹಿಂದೆ ಜೆಸಿಬಿ ನೆಟ್ಟಗೆ ಕಡಿದ 7-8 ಮೀಟರಿನ ಬರೆ ಆ ಎರಡು ರೇಖೆಗಳ ನಡುವೆ ಅಡಗಿಹೋಗುತ್ತದೆ. ಹಿಂದೆ ಎಂದೋ ಜಾರಿ, ಮತ್ತೆ ಮರ ಬೆಳೆದು ಮುಚ್ಚಿಕೊಂಡ ಇಳಿಜಾರಿಗೆ ಗುರುತೇ ಇಲ್ಲ. ಅದೇ 2018ರ ಜುಲೈಯಲ್ಲಿ ಜಪಾನಿನ ಪಶ್ಚಿಮ ಭಾಗದಲ್ಲೂ ಪ್ರವಾಹ, ಭೂಕುಸಿತಗಳಾದವು. ಹಿರೋಶಿಮಾ ಪ್ರಾಂತ್ಯದ ಸಾಕಾ ಪಟ್ಟಣದಲ್ಲಿ 1907ರ ದುರಂತದ ನೆನಪಿಗೆ ನಿಲ್ಲಿಸಿದ ಕಲ್ಲೊಂದು ಇತ್ತು. ಆದರೆ ಅದರ ಎಚ್ಚರಿಕೆ ಜನರ ನೆನಪಿನಿಂದ ಜಾರಿಹೋಗಿತ್ತು. ಮರುವರ್ಷವೇ, 2019ರಲ್ಲಿ, ಜಪಾನಿನ ಸರ್ವೆ ಸಂಸ್ಥೆ ಪ್ರಕೃತಿ ವಿಕೋಪದ ಸ್ಮಾರಕಗಳಿಗೆಂದೇ ಒಂದು ಹೊಸ ಚಿಹ್ನೆಯನ್ನು ತನ್ನ ನಕ್ಷೆಗಳಿಗೆ ಸೇರಿಸಿತು. ಊರಿನ ನೆನಪನ್ನು ದೇಶದ ನಕ್ಷೆಯಲ್ಲಿ ಇಡುವುದು ಜೀವ ಉಳಿಸುವ ಕೆಲಸ ಎಂದು ಒಂದು ಸರ್ಕಾರ ಒಪ್ಪಿಕೊಂಡ ಉದಾಹರಣೆ ಇದು.

ಎತ್ತಬಹುದಾದ ಆಕ್ಷೇಪಗಳು

ಮೊದಲ ಆಕ್ಷೇಪ ಏಕರೂಪತೆಯದು. ಕಾಶ್ಮೀರದಲ್ಲಿ ಓದುವವರಿಗೂ ಕೊಡಗಿನಲ್ಲಿ ಓದುವವರಿಗೂ ಒಂದೇ ಅರ್ಥ ಕೊಡುವುದರಿಂದಲೇ ಚಿಹ್ನೆಗೆ ಬೆಲೆ; ಒಂದೊಂದು ಜಿಲ್ಲೆಯೂ ತನ್ನದೇ ಪಟ್ಟಿ ಮಾಡಿಕೊಂಡರೆ ನಕ್ಷೆ ಯಾರಿಗೂ ಅರ್ಥವಾಗದು. ಈ ಮಾತಿನಲ್ಲಿ ತೂಕವಿದೆ. ನೆರೆ ಬಂದಾಗ ಹೊರಗಿನಿಂದ ಬರುವ ರಕ್ಷಣಾ ತಂಡಕ್ಕೆ ಸೇತುವೆಯ ಚಿಹ್ನೆ ತಕ್ಷಣ ತಿಳಿಯಬೇಕು. ಆದ್ದರಿಂದ ಇರುವ ಚಿಹ್ನೆಗಳನ್ನು ಬದಲಿಸಬೇಕಿಲ್ಲ, ಸೇರಿಸಿದರೆ ಸಾಕು. ಪಟ್ಟಿ ಹಿಂದೆಯೂ ಬೆಳೆದಿದೆ, ಬದಲಾಗಿದೆ. 1827ರಿಂದ ಅಚ್ಚಾಗತೊಡಗಿದ ‘ಅಟ್ಲಾಸ್ ಆಫ್ ಇಂಡಿಯಾ’ದಲ್ಲಿ ಬೆಟ್ಟಗಳನ್ನು ತೋರಿಸುತ್ತಿದ್ದದ್ದು ಇಳಿಜಾರಿನುದ್ದಕ್ಕೂ ಎಳೆದ ಸಣ್ಣ ಸಣ್ಣ ಗೀಟುಗಳಿಂದ, ಇಪ್ಪತ್ತನೆಯ ಶತಮಾನದ ಬಣ್ಣದ ಹಾಳೆಗಳಲ್ಲಿ ಅದರ ಜಾಗಕ್ಕೆ ಸಮೋನ್ನತ ರೇಖೆ ಬಂತು. ಜಪಾನ್ 2006ರಲ್ಲಿ ವೃದ್ಧಾಶ್ರಮಕ್ಕೆ ಹೊಸ ಚಿಹ್ನೆ ತಂದಿತು. ಹಿಪ್ಪುನೇರಳೆ ತೋಟಗಳು ವಿರಳವಾದ ಮೇಲೆ 2013ರಲ್ಲಿ ಅವುಗಳ ಚಿಹ್ನೆಯನ್ನು ಕೈಬಿಟ್ಟಿತು. ದೇವರಕಾಡು ಕೊಡಗಿನದಷ್ಟೇ ಅಲ್ಲ ಎಂಬುದೂ ನೆನಪಿರಲಿ. ಕೇರಳದ ಕಾವು, ಮಹಾರಾಷ್ಟ್ರದ ದೇವರಾಯಿ, ರಾಜಸ್ಥಾನದ ಓರಣ್, ಮೇಘಾಲಯದ ಪವಿತ್ರ ವನಗಳಿಗೆಲ್ಲ ಸಲ್ಲುವ ಒಂದೇ ಚಿಹ್ನೆ ದೇಶದ ಏಕರೂಪತೆಯನ್ನು ಹೆಚ್ಚಿಸುತ್ತದೆ.

ಎರಡನೆಯದು ಜಾಗದ ಮಾತು. ದೇವರಕಾಡಿನ ಸರಾಸರಿ ವಿಸ್ತೀರ್ಣ ಸುಮಾರು 2 ಹೆಕ್ಟೇರು. 1:50,000ರ ಹಾಳೆಯಲ್ಲಿ ಅದು 8 ಚದರ ಮಿಲಿಮೀಟರು, ಒಂದು ಕರಿಮೆಣಸಿನ ಕಾಳು ಮುಚ್ಚುವಷ್ಟು ಜಾಗವೂ ಅಲ್ಲ. ಇಷ್ಟನ್ನು ಹೇಗೆ ಬರೆಯುವುದು? ನಕ್ಷೆಯ ವಿಧಾನವೇ ಇದಕ್ಕೆ ಉತ್ತರ ಕೊಡುತ್ತದೆ. ಅರ್ಧ ಮಿಲಿಮೀಟರು ದಪ್ಪದ ರಸ್ತೆಗೆರೆಯನ್ನು ಅಳತೆಯಂತೆ ಓದಿದರೆ ರಸ್ತೆ 25 ಮೀಟರು ಅಗಲವಾಗುತ್ತದೆ. 2 ಮಿಲಿಮೀಟರಿನ ದೇವಸ್ಥಾನದ ಚಿಹ್ನೆ ನೆಲದ ಮೇಲೆ 100 ಮೀಟರಿಗೆ ಸಮ. ಬಾವಿಯ ಚುಕ್ಕೆಯನ್ನು ಅಳತೆಯಂತೆ ಹಿಗ್ಗಿಸಿದರೆ ಅದೊಂದು ಸಣ್ಣ ಕೆರೆ. ಮುಖ್ಯವಾದದ್ದನ್ನು ಅದರ ಗಾತ್ರಕ್ಕಿಂತ ದೊಡ್ಡದಾಗಿ ತೋರಿಸಲೆಂದೇ ಚಿಹ್ನೆ ಇರುವುದು. ಹಾಗಾಗಿ ಇಲ್ಲಿನ ಪ್ರಶ್ನೆ ಯಾವುದು ಮುಖ್ಯ ಎಂಬುದೇ ಹೊರತು ಕಾಗದದ ಜಾಗದ್ದಲ್ಲ. ಇಂದಿನ ಡಿಜಿಟಲ್ ನಕ್ಷೆಯಲ್ಲಂತೂ ಪದರಗಳನ್ನು ಬೇಕಾದಾಗ ತೆರೆದು, ಬೇಡವಾದಾಗ ಮುಚ್ಚಬಹುದು.

ಮೂರನೆಯ ಆಕ್ಷೇಪ ಹೊಸ ಕಾಲದ್ದು: ಕೈಯಲ್ಲಿ ಫೋನಿದೆ, ಉಪಗ್ರಹದ ಚಿತ್ರವಿದೆ, ಚಿಹ್ನೆಗಳ ಕಾಲ ಮುಗಿಯಿತಲ್ಲ? ಉಪಗ್ರಹದ ಚಿತ್ರ ಮತ್ತೆ ಮೇಲಿಂದ ನೋಡುವ ಕಣ್ಣೇ. ಅದು ಹಸಿರನ್ನು ತೋರಿಸಬಲ್ಲದು, ಹೆಸರನ್ನು ಹೇಳಲಾರದು. ಫೋನಿನ ನಕ್ಷೆಯೂ ಚಿಹ್ನೆಗಳಿಂದಲೇ ತುಂಬಿದೆ. ಗೂಗಲ್ ಮ್ಯಾಪ್ಸಿನ ಜತೆ 2005ರಲ್ಲಿ ಬಂದ, ಯೆನ್ಸ್ ರಾಸ್ಮುಸ್ಸೆನ್ ರೂಪಿಸಿದ ಹನಿಯಾಕಾರದ ಪಿನ್ನು ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಜನ ನೋಡುವ ನಕ್ಷೆ ಚಿಹ್ನೆಗಳಲ್ಲಿ ಒಂದು. ಅಲ್ಲಿ ಮಡಿಕೇರಿಯನ್ನು ತೆರೆದರೆ ಹೋಂಸ್ಟೇ, ಹೋಟೆಲು, ಅಂಗಡಿ, ವ್ಯೂಪಾಯಿಂಟುಗಳು ಮೊದಲು ಮೇಲೇಳುತ್ತವೆ. ಡಾಕ್ ಬಂಗಲೆ ಹುಡುಕುತ್ತಿದ್ದ ಸಾಹೇಬನ ಜಾಗಕ್ಕೆ ರೂಮು ಹುಡುಕುವ ಪ್ರವಾಸಿ ಬಂದಿದ್ದಾನೆ. ಬಂದುಹೋಗುವವರ ಅಗತ್ಯ ನಕ್ಷೆಯನ್ನು ರೂಪಿಸುವುದು, ನೆಲೆಸಿದವರ ನೆಲ ಹಿನ್ನೆಲೆಗೆ ಸರಿಯುವುದು ಎರಡು ಕಾಲದಲ್ಲೂ ಒಂದೇ. ತಂತ್ರ ಬದಲಾದ ಮಾತ್ರಕ್ಕೆ ಈ ಕೊರತೆ ತುಂಬುವುದಿಲ್ಲ.

ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪ ಊರಿನ ಒಳಗಿನಿಂದಲೇ ಬರಬಹುದು. ದೇವರಕಾಡನ್ನು ನಕ್ಷೆಯಲ್ಲಿ ತೋರಿಸಿದರೆ ನಾಳೆ ಪ್ರವಾಸಿಗಳು ಮುತ್ತುತ್ತಾರೆ, ಮರಗಳ್ಳರಿಗೆ ದಾರಿ ಸಿಗುತ್ತದೆ, ಗಡಿಯ ಜಗಳ ಏಳುತ್ತದೆ. ಮೇಲಾಗಿ ನಂಬಿಕೆಗಳನ್ನೆಲ್ಲ ನಕ್ಷೆಯಲ್ಲಿ ಬರೆಯಹೊರಟರೆ ಕೊನೆಯೆಲ್ಲಿ? ಎರಡನೆಯ ಮಾತಿಗೆ ಭಾಗಮಂಡಲದಲ್ಲಿ ಉತ್ತರವಿದೆ. ಅಲ್ಲಿ ಕೂಡುವ ನದಿಗಳು ಕಾವೇರಿ, ಕನ್ನಿಕೆ ಮತ್ತು ಗುಪ್ತವಾಗಿ ಹರಿಯುವ ಸುಜ್ಯೋತಿ. ಸುಜ್ಯೋತಿಗೆ ನೀಲಿ ಗೆರೆ ಎಳೆಯಿರಿ ಎಂದು ಯಾರೂ ಕೇಳುವುದಿಲ್ಲ. ಅದರ ನೆಲೆ ಭಕ್ತಿಯಲ್ಲಿದೆ, ಅಲ್ಲಿ ಅದು ಸುರಕ್ಷಿತವಾಗಿದೆ. ದೇವರಕಾಡು ಹಾಗಲ್ಲ, ಅದಕ್ಕೆ ಕಲ್ಲು ನೆಟ್ಟ ಗಡಿಯಿದೆ, ಸರ್ವೆ ನಂಬರಿದೆ, ಕಳೆದುಹೋಗುವ ಅಪಾಯವಿದೆ. ಮೊದಲನೆಯ ಭಯಕ್ಕೆ ನಕ್ಷೆಯ ರೂಢಿಯಲ್ಲೇ ಪರಿಹಾರವಿದೆ. ಕರಾವಳಿ ಮತ್ತು ದೇಶದ ಗಡಿಗೆ ಹತ್ತಿರದ ಹಾಳೆಗಳನ್ನು ಸರ್ಕಾರ ದೀರ್ಘಕಾಲ ಸಾರ್ವಜನಿಕರಿಗೆ ಕೊಡುತ್ತಿರಲಿಲ್ಲ. 2005ರ ರಾಷ್ಟ್ರೀಯ ನಕ್ಷೆ ನೀತಿ ರಕ್ಷಣೆಗೆ ಒಂದು, ಜನರಿಗೆ ಒಂದು ಎಂದು ಎರಡು ಮಾಲಿಕೆಗಳನ್ನು ಮಾಡಿತು. ಯಾವುದನ್ನು ಯಾರಿಗೆ ಎಷ್ಟು ತೋರಿಸಬೇಕೆಂದು ತೀರ್ಮಾನಿಸುವ ಹಕ್ಕನ್ನು ಪ್ರಭುತ್ವ ತನಗೆ ಇಟ್ಟುಕೊಂಡಿದ್ದರೆ, ಅದರಲ್ಲಿ ಒಂದು ಪಾಲು ಆ ಕಾಡನ್ನು ತಲೆಮಾರುಗಳಿಂದ ಕಾಯ್ದವರಿಗೂ ಸಿಗಬೇಕು. ಸಾರ್ವಜನಿಕ ಹಾಳೆಯಲ್ಲಿ ಒಂದು ಚಿಹ್ನೆ ಮಾತ್ರ, ಪಂಚಾಯಿತಿಯ ದಾಖಲೆಯಲ್ಲಿ ಪೂರ್ಣ ಗಡಿ ಎಂಬ ವ್ಯವಸ್ಥೆ ಸಾಧ್ಯ.

ಈಗ ಮಾಡಬಹುದಾದದ್ದು

ಇದು ಕನಸಿನ ಮಾತಲ್ಲ ಎನ್ನಲು ದೂರ ಹೋಗಬೇಕಿಲ್ಲ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಸಂಶೋಧಕರ ಜತೆಗೂಡಿ, ಜಿಪಿಎಸ್ ಹಿಡಿದು ನಡೆದು, ತಮ್ಮ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಐದು ಬಗೆಯ ನೆಲೆಗಳನ್ನು ನಕ್ಷೆಗೆ ಇಳಿಸಿದರು. ಗುರುತಾದವು ನಾನೂರಕ್ಕೂ ಹೆಚ್ಚು. ಬೇರೆಲ್ಲೂ ಇಲ್ಲದ ಚಿಹ್ನೆಪಟ್ಟಿಯೊಂದು ಅಲ್ಲಿ ರೂಪುಗೊಂಡಿತು, ಏಕೆಂದರೆ ಕೇಳುವವರೂ ಹೇಳುವವರೂ ಒಟ್ಟಿಗೆ ನಡೆದಿದ್ದರು. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಅಲ್ಲಿನ ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಪತ್ರಗಳೂ ಸಿಕ್ಕವು. ಕೊಡಗಿನಲ್ಲಿ ಇದಕ್ಕೆ ಬೇಕಾದ ಸಾಮಗ್ರಿ ಇನ್ನೂ ಹೆಚ್ಚಿದೆ. ದೇವರಕಾಡುಗಳ ಪಟ್ಟಿ ಅರಣ್ಯ ಇಲಾಖೆಯಲ್ಲಿದೆ, ಗ್ರಾಮ ನಕ್ಷೆ ಮತ್ತು ಬಾಂದುಕಲ್ಲುಗಳ ಲೆಕ್ಕ ಸರ್ವೆ ಇಲಾಖೆಯಲ್ಲಿದೆ, ಪ್ರತಿ ಕಾಡಿಗೂ ತಕ್ಕರಿದ್ದಾರೆ, ದೇವಸ್ಥಾನ ಸಮಿತಿಗಳಿವೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪಂಚಾಯಿತಿಗೊಂದು ಸಮಿತಿ, ಜನತಾ ಜೀವವೈವಿಧ್ಯ ದಾಖಲೆ ಇರಲೇಬೇಕು. ನಕ್ಷೆ ಮಾಡಲು ದೇಶದ ಜನರಿಗೂ ಸಂಸ್ಥೆಗಳಿಗೂ ಮುಂಚಿತವಾಗಿ ಅನುಮತಿ ಬೇಕಿಲ್ಲ ಎಂದು ಕೇಂದ್ರ ಸರ್ಕಾರ 2021ರ ಫೆಬ್ರವರಿಯಲ್ಲೇ ಹೇಳಿದೆ.

ಜಿಲ್ಲಾಡಳಿತ ಈ ಎಲ್ಲರನ್ನೂ ಒಂದು ಮೇಜಿನ ಸುತ್ತ ಕೂರಿಸಿ ಐದೇ ಐದು ಪೂರಕ ಚಿಹ್ನೆಗಳಿಂದ ಶುರುಮಾಡಬಹುದು: ದೇವರಕಾಡು, ಕಡಂಗ, ಮಂದ್, ಐನ್‌ಮನೆ-ಕೈಮಡ, ಹಿಂದೆ ಜಾರಿದ ಬೆಟ್ಟದ ಇಳಿಜಾರು. ಜೇನುಕುರುಬ, ಯರವ ಹಾಡಿಗಳ ದೇವರ ನೆಲೆಗಳನ್ನು ಸೇರಿಸಬೇಕೇ, ಹೇಗೆ ಸೇರಿಸಬೇಕು ಎಂಬುದನ್ನು ಆ ಹಾಡಿಗಳೇ ಹೇಳಲಿ. ಶಾಲೆಯ ಮಕ್ಕಳು ಚಿಹ್ನೆಪಟ್ಟಿಯನ್ನು ಬಾಯಿಪಾಠ ಮಾಡುವ ಬದಲು ತಮ್ಮ ಊರಿನ ಹಿರಿಯರನ್ನು ಕೇಳಿ ಒಂದು ಹಾಳೆ ತುಂಬಲಿ. ಸರ್ವೆ ಇಲಾಖೆ ಅದನ್ನು ತಾಳೆ ನೋಡಲಿ. ಹೀಗೆ ಒಪ್ಪಿತವಾದ ಚಿಹ್ನೆಗಳನ್ನು ಸರ್ವೇಕ್ಷಣಾ ಇಲಾಖೆಯ ಮುಂದಿಡುವ ಹೊತ್ತಿಗೆ ಕೊಡಗಿನ ಕೈಯಲ್ಲಿ ಬರೀ ಬೇಡಿಕೆ ಇರುವುದಿಲ್ಲ, ಸಾವಿರಕ್ಕೂ ಹೆಚ್ಚು ಜಾಗಗಳ ಪರಿಶೀಲಿಸಿದ ದಾಖಲೆ ಇರುತ್ತದೆ. ಚಿಹ್ನೆ ತಾನಾಗಿ ಯಾವ ಮರವನ್ನೂ ಕಾಯುವುದಿಲ್ಲ, ಯಾವ ಬೆಟ್ಟವನ್ನೂ ತಡೆದು ನಿಲ್ಲಿಸುವುದಿಲ್ಲ. ಆದರೆ ರಸ್ತೆ ಅಗಲಿಸುವ ಯೋಜನೆ, ಬಡಾವಣೆಯ ಅರ್ಜಿ, ವಿದ್ಯುತ್ ಮಾರ್ಗದ ಗೆರೆ ಎಲ್ಲವೂ ಮೊದಲು ನಡೆದಾಡುವುದು ನಕ್ಷೆಯ ಮೇಲೆಯೇ. ಆ ಹೊತ್ತಿಗೆ ಮೇಜಿನ ಮೇಲಿರುವ ಹಾಳೆಯಲ್ಲಿ ದೇವರಕಾಡಿನ ಗುರುತಿದ್ದರೆ, ಅದನ್ನು ದಾಟಿ ಗೆರೆ ಎಳೆಯುವವರು ಕಾರಣ ಬರೆದು ಸಹಿ ಹಾಕಬೇಕಾಗುತ್ತದೆ.